ಅಗ್ಗದ ಸಿಎನ್‌ಸಿ ಸ್ಪಿಂಡಲ್‌ನಿಂದ ನಿಖರ ಕೆಲಸ ಆಗುವುದೇ ಇಲ್ಲವೇ? ಹೆನ್ರಿ ಮಾಡ್ಸ್ಲೆ ಬದುಕಿನಲ್ಲಿದೆ ಉತ್ತರ

ಸಿಎನ್‌ಸಿ ಯಂತ್ರಗಳು ಈಗ ದೊಡ್ಡ ಕಾರ್ಖಾನೆಗಳಿಗಷ್ಟೇ ಸೀಮಿತವಾಗಿಲ್ಲ. ದೇವರಮನೆಯ ಬಾಗಿಲಿಗೆ ಹೂಬಳ್ಳಿ ಕೆತ್ತುವ ಮರದ ಅಂಗಡಿಗೂ, ನಾಮಫಲಕ ಮಾಡುವವರಿಗೂ, ಐಟಿಐ ಮುಗಿಸಿ ಸಾಲ ಮಾಡಿ ಸಣ್ಣ ಶೆಡ್ ಹಾಕಿಕೊಂಡ ಯುವಕರಿಗೂ ಕಡಿಮೆ ಬೆಲೆಯ ಯಂತ್ರಗಳು ಸಿಗುತ್ತಿವೆ. ಜೊತೆಗೆ ಎರಡು ಮಾತುಗಳು ಕೂಡ ಬಾಯಿಂದ ಬಾಯಿಗೆ, ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ.

ಮೊದಲನೆಯದು, ಅಗ್ಗದ ಯಂತ್ರದಿಂದ ನಿಖರ ಕೆಲಸ ಆಗುವುದೇ ಇಲ್ಲ ಎಂಬುದು. ಎರಡನೆಯದು, ಯಂತ್ರದ ಪರದೆ 0.01 ಮಿ.ಮೀ. ತೋರಿಸಿದರೆ ಕೆಲಸವೂ ಅಷ್ಟೇ ನಿಖರವಾಗಿರುತ್ತದೆ ಎಂಬುದು. ಮೊದಲನೆಯದನ್ನು ನಂಬಿದವರು ಸರಿಮಾಡಬಹುದಾದ ಯಂತ್ರವನ್ನು ನಷ್ಟಕ್ಕೆ ಮಾರುತ್ತಾರೆ. ಎರಡನೆಯದನ್ನು ನಂಬಿದವರ ಜಾಬ್ ಗಿರಾಕಿಯ ಬಳಿ ಹೋಗಿ ರಿಜೆಕ್ಟ್ ಆಗಿ ಬರುತ್ತದೆ.

ಈ ಎರಡೂ ಮಾತುಗಳ ಹಿಂದೆ ಒಂದೇ ನಂಬಿಕೆಯಿದೆ: ನಿಖರತೆ ಎಂಬುದು ಯಂತ್ರದ ಜೊತೆಗೇ ಬರುವ ಗುಣ, ಯಾವ ಯಂತ್ರವೂ ತನಗಿಂತ ನಿಖರವಾದ ವಸ್ತುವನ್ನು ಮಾಡಲಾರದು. ಇದು ನಿಜವೇ ಆಗಿದ್ದರೆ ಒಂದು ಪ್ರಶ್ನೆ ಏಳುತ್ತದೆ. ಜಗತ್ತಿನ ಮೊದಲ ನಿಖರ ಯಂತ್ರವನ್ನು ಯಾವ ಯಂತ್ರ ಮಾಡಿತು? ಈ ಪ್ರಶ್ನೆಗೆ ಉತ್ತರ ಬೇಕಾದರೆ ನಾವು ಇನ್ನೂರು ವರ್ಷಗಳ ಹಿಂದಿನ ಲಂಡನ್ನಿಗೆ, ಹೆನ್ರಿ ಮಾಡ್ಸ್ಲೆ ಎಂಬ ಕಮ್ಮಾರನ ಬದುಕಿಗೆ ಹೋಗಬೇಕು.

ಅದಕ್ಕೂ ಮೊದಲು ಎರಡು ಪದ ತಿಳಿದುಕೊಳ್ಳೋಣ. ಸ್ಪಿಂಡಲ್ ಎಂದರೆ ಕತ್ತರಿಸುವ ಟೂಲನ್ನು ಹಿಡಿದು ವೇಗವಾಗಿ ತಿರುಗಿಸುವ ಭಾಗ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದು ಇಟ್ಟುಕೊಂಡರೆ ಮುಂದಿನ ಅಂಕಿಗಳ ಅಂದಾಜು ಸಿಗುತ್ತದೆ.

ಮದ್ದು ತುಂಬುತ್ತಿದ್ದ ಹುಡುಗ

ಹೆನ್ರಿ ಮಾಡ್ಸ್ಲೆ ಹುಟ್ಟಿದ್ದು 1771ರ ಆಗಸ್ಟ್ 22ರಂದು, ಲಂಡನ್ ಪಕ್ಕದ ವೂಲಿಚ್‌ನಲ್ಲಿ. ತಂದೆ ಸೇನೆಯಲ್ಲಿ ಗಾಡಿಯ ಚಕ್ರ ಮಾಡುವ ಕುಶಲಕರ್ಮಿ. ಗಾಯಗೊಂಡ ಮೇಲೆ ವೂಲಿಚ್‌ನ ಸರ್ಕಾರಿ ಶಸ್ತ್ರಾಗಾರದಲ್ಲಿ ಉಗ್ರಾಣದ ಕೆಲಸಕ್ಕೆ ಸೇರಿದರು. 1780ರಲ್ಲಿ ಅವರು ತೀರಿಕೊಂಡರು. ಮಗ 12ನೇ ವಯಸ್ಸಿಗೆ ಅದೇ ಶಸ್ತ್ರಾಗಾರದಲ್ಲಿ ಕಾಡತೂಸುಗಳಿಗೆ ಮದ್ದು ತುಂಬುವ ಕೆಲಸಕ್ಕೆ ಸೇರಿದ.

ಎರಡು ವರ್ಷಗಳ ಬಳಿಕ ಅವನನ್ನು ಬಡಗಿಗಳ ವಿಭಾಗಕ್ಕೆ ಹಾಕಿದರು. ಆದರೆ ಅವನ ಮನಸ್ಸಿದ್ದದ್ದು ಕುಲುಮೆಯ ಕಡೆ. ಕೊನೆಗೆ 15ನೇ ವಯಸ್ಸಿನಲ್ಲಿ ಕಮ್ಮಾರ ವಿಭಾಗ ಸೇರಿದ. ಕೆಲವೇ ವರ್ಷಗಳಲ್ಲಿ ಕೈಯಲ್ಲಿ ಅರ ಹಿಡಿದು ಕಬ್ಬಿಣವನ್ನು ಉಜ್ಜಿ ಸಮ ಮಾಡುವುದರಲ್ಲಿ ಅವನ ಹೆಸರು ಸುತ್ತಲಿನವರಿಗೆ ಗೊತ್ತಾಯಿತು. ಎಂಜಿನಿಯರಿಂಗ್ ಪದವಿ, ಪ್ರಮಾಣಪತ್ರ ಯಾವುದೂ ಇರಲಿಲ್ಲ. ಇದ್ದದ್ದು ಕೈ, ಕಣ್ಣು ಮತ್ತು ತಾಳ್ಮೆ.

ಸವೆದ ವೈಸ್ ಮತ್ತು ಮೊದಲ ಕೆಲಸ

ಆ ಕಾಲದಲ್ಲಿ ಲಂಡನ್ನಿನ ಜೋಸೆಫ್ ಬ್ರಾಮಾ ಎಂಬವರು ಹೊಸ ಬಗೆಯ ಬೀಗಕ್ಕೆ 1784ರಲ್ಲಿ ಪೇಟೆಂಟ್ ಪಡೆದಿದ್ದರು. ಬೀಗದ ವಿನ್ಯಾಸವೇನೋ ಗಟ್ಟಿ. ಆದರೆ ಅದರ ಒಳಗಿನ ಸಣ್ಣ ಭಾಗಗಳು ಅತ್ಯಂತ ನಿಖರವಾಗಿರಬೇಕಿತ್ತು. ಕೈಯಲ್ಲಿ ಒಂದೊಂದನ್ನೇ ಮಾಡುತ್ತ ಕೂತರೆ ಖರ್ಚು ಗಿಟ್ಟುತ್ತಿರಲಿಲ್ಲ. 1789ರಲ್ಲಿ, 18ರ ಹರೆಯದಲ್ಲಿ, ಮಾಡ್ಸ್ಲೆ ಅವರಿಗೆ ಅಲ್ಲಿಂದ ಕರೆ ಬಂತು.

ಈ ಬಗ್ಗೆ 19ನೇ ಶತಮಾನದ ಜೀವನಚರಿತ್ರೆಗಳಲ್ಲಿ ಒಂದು ಪ್ರಸಂಗವಿದೆ. ಆಗಿನ ಪದ್ಧತಿಯಂತೆ ಏಳು ವರ್ಷ ಶಿಷ್ಯವೃತ್ತಿ ಮಾಡದ ಹುಡುಗನನ್ನು ಕೆಲಸಕ್ಕೆ ತೆಗೆದುಕೊಳ್ಳಲು ಅಲ್ಲಿನ ಮೇಸ್ತ್ರಿ ಹಿಂಜರಿದರಂತೆ. ಮೂಲೆಯಲ್ಲಿ ಸವೆದುಹೋದ ಒಂದು ವೈಸ್ ಬಿದ್ದಿತ್ತು. ಅದನ್ನು ಸಂಜೆಯೊಳಗೆ ಸರಿಮಾಡಿಕೊಡುತ್ತೇನೆ, ನೋಡಿ ತೀರ್ಮಾನಿಸಿ ಎಂದು ಹುಡುಗ ಕೇಳಿಕೊಂಡನಂತೆ. ದವಡೆಗಳಿಗೆ ಹೊಸ ಉಕ್ಕು ಹಾಕಿ, ಉಜ್ಜಿ, ಹದಮಾಡಿ ಕೊಟ್ಟ ಮೇಲೆ ಕೆಲಸ ಸಿಕ್ಕಿತು. ಸ್ವಲ್ಪ ಕಾಲದಲ್ಲೇ ಅವರೇ ಮೇಸ್ತ್ರಿಯಾದರು. ಬೀಗದ ಭಾಗಗಳನ್ನು ಒಂದೇ ಅಳತೆಯಲ್ಲಿ ಮತ್ತೆ ಮತ್ತೆ ಮಾಡುವ ಯಂತ್ರಗಳನ್ನು ರೂಪಿಸಿದರು. ಅಂಗಡಿಯ ಕಿಟಕಿಯಲ್ಲಿ ಇಟ್ಟಿದ್ದ ಸವಾಲಿನ ಬೀಗವನ್ನು ಕೀಲಿಯಿಲ್ಲದೆ ತೆಗೆದವರಿಗೆ 200 ಗಿನಿ ಬಹುಮಾನವಿತ್ತು. ಅದನ್ನು ಗೆದ್ದದ್ದು ಅಮೆರಿಕದ ಆಲ್ಫ್ರೆಡ್ ಹಾಬ್ಸ್, ಅದೂ 1851ರಲ್ಲಿ, ಹಲವು ದಿನ ಕೂತು ಒಟ್ಟು 50 ಗಂಟೆಗೂ ಹೆಚ್ಚು ಹೆಣಗಾಡಿದ ಮೇಲೆ.

ಆ ಸವೆದ ವೈಸ್‌ನ ಪಾಠ ಇಂದಿನ ಅಗ್ಗದ ಸ್ಪಿಂಡಲ್‌ಗೂ ನೇರವಾಗಿ ಹೊಂದುತ್ತದೆ. ಎಸೆಯುವ ಮೊದಲು ತಪ್ಪು ಎಲ್ಲಿದೆ ಎಂದು ಹುಡುಕಬೇಕು.

ಸ್ಪಿಂಡಲ್ ತಿರುಗುವಾಗ ಟೂಲ್ ತನ್ನ ನಟ್ಟನಡುವಿನ ಗೆರೆ ಬಿಟ್ಟು ಪಕ್ಕಕ್ಕೆ ಅಲೆದರೆ ಅದಕ್ಕೆ ರನ್‌ಔಟ್ ಎನ್ನುತ್ತಾರೆ. ಅಂಗಡಿ ಮಾತಿನಲ್ಲಿ ಟೂಲ್ ಔಟ್ ಹೊಡೆಯುತ್ತಿದೆ ಎನ್ನುತ್ತೇವೆ. ಡಯಲ್ ಗೇಜಿನ ಮುಳ್ಳು ಒಂದು ಸುತ್ತಿನಲ್ಲಿ 0.04 ಮಿ.ಮೀ. ಓಲಾಡಿತು ಎಂದುಕೊಳ್ಳಿ. ಆಗ 3 ಮಿ.ಮೀ. ಟೂಲ್ ಸುಮಾರು 3.04 ಮಿ.ಮೀ. ಅಗಲದ ಗಾಡಿ ಕೊರೆಯುತ್ತದೆ. ಎರಡು ಅಲಗಿನ ಟೂಲಿನಲ್ಲಿ ಪ್ರತಿ ಅಲಗಿಗೆ 0.02 ಮಿ.ಮೀ. ಫೀಡ್ ಕೊಟ್ಟಿದ್ದರೆ, ಬಹುತೇಕ ಕೆಲಸವನ್ನು ಒಂದೇ ಅಲಗು ಮಾಡಬೇಕಾಗಬಹುದು. ಇನ್ನೊಂದು ಸುಮ್ಮನೆ ಸುತ್ತುತ್ತದೆ. ಟೂಲ್ ಬೇಗ ಮೊಂಡಾಗುತ್ತದೆ, ಸಣ್ಣ ಟೂಲ್ ಮುರಿಯುತ್ತದೆ. ಬೈಗುಳ ತಿನ್ನುವುದು ಮಾತ್ರ ಟೂಲ್ ಕಂಪನಿ.

ಇಲ್ಲಿ ತಪ್ಪು ಸ್ಪಿಂಡಲಿನದ್ದೇ ಎಂದು ಮೊದಲೇ ತೀರ್ಮಾನಿಸಬೇಡಿ. ಮುಖ್ಯ ಸ್ವಿಚ್ ಆರಿಸಿ, ಸ್ಪಿಂಡಲನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸುತ್ತ ಮೂರು ಕಡೆ ಅಳೆಯಿರಿ. ಮೊದಲು ಸ್ಪಿಂಡಲಿನ ಒಳಗಿನ ಇಳಿಜಾರು ಮೈಯಲ್ಲಿ. ಬಳಿಕ ಕಾಲೆಟ್‌ನಲ್ಲಿ ನೇರವಾದ ಗ್ರೈಂಡ್ ಮಾಡಿದ ಪಿನ್ ಹಿಡಿಸಿ, ಕಾಲೆಟ್‌ಗೆ ತೀರಾ ಹತ್ತಿರ. ಕೊನೆಗೆ ಅದೇ ಪಿನ್ನಿನಲ್ಲಿ ಸುಮಾರು 50 ಮಿ.ಮೀ. ಕೆಳಗೆ. ಟೂಲಿನ ಅಲಗಿನ ಮೇಲೆ ಅಳೆಯಬೇಡಿ. ಅಲ್ಲಿ ಮುಳ್ಳು ಸುಮ್ಮನೆ ಕುಣಿಯುತ್ತದೆ.

ಒಳಮೈ ಸರಿಯಿದ್ದು ಪಿನ್ ಮಾತ್ರ ಅಲೆದರೆ ತಪ್ಪು ಇರುವುದು ಕಾಲೆಟ್, ಅದರ ನಟ್ಟು ಅಥವಾ ನಡುವೆ ಸಿಕ್ಕಿಕೊಂಡ ಕಸದಲ್ಲಿ. ಮರದ ಪುಡಿಯ ಒಂದು ಕಣ ಅಲ್ಲಿದ್ದರೂ ಕೆಳಗೆ ಟೂಲಿನ ತುದಿ ವಾಲುತ್ತದೆ. ಎಲ್ಲವನ್ನೂ ಬಿಚ್ಚಿ, ಒರೆಸಿ, ಕಾಲೆಟ್ ಅನ್ನು ಮೊದಲು ನಟ್ಟಿನೊಳಗೆ ಕ್ಲಿಕ್ ಎನ್ನುವಂತೆ ಕೂರಿಸಿ, ಬಳಿಕವೇ ಸ್ಪಿಂಡಲಿಗೆ ಹಾಕಬೇಕು. ಟೂಲಿನ ಅಳತೆಗೆ ಸರಿಯಾದ ಕಾಲೆಟ್ ಬಳಸಬೇಕು. ಆಮೇಲೂ ಅಲೆತ ಉಳಿದರೆ ಕಾಲೆಟ್ ಅನ್ನು ಸಡಿಲಿಸಿ, ಕಾಲುಸುತ್ತು ತಿರುಗಿಸಿ, ಮತ್ತೆ ಬಿಗಿದು ಅಳೆಯಿರಿ. ಎರಡು ಭಾಗಗಳ ತಪ್ಪುಗಳು ಒಂದನ್ನೊಂದು ಕಳೆಯುವ ಜಾಗ ಸಿಕ್ಕಿದಾಗ ಬಣ್ಣದಿಂದ ಗುರುತು ಹಾಕಿಕೊಳ್ಳಿ. ಇಡೀ ಸ್ಪಿಂಡಲ್ ಬದಲಿಸಬೇಕೆಂದು ಹೊರಟವರಿಗೆ ಒಂದು ಒಳ್ಳೆಯ ಕಾಲೆಟ್ ಸಾಕಾಗುವುದುಂಟು.

ಸಂಬಳ ಕೇಳಿದ್ದಕ್ಕೆ ಹುಟ್ಟಿದ ವರ್ಕ್‌ಶಾಪ್

1791ರಲ್ಲಿ ಮಾಡ್ಸ್ಲೆ ಅವರಿಗೆ ಮದುವೆಯಾಯಿತು. ಸಂಸಾರ ಬೆಳೆಯಿತು. ಬ್ರಾಮಾ ಕೊಡುತ್ತಿದ್ದದ್ದು ವಾರಕ್ಕೆ 30 ಶಿಲ್ಲಿಂಗ್. 1797ರಲ್ಲಿ ಸಂಬಳ ಹೆಚ್ಚಿಸುವಂತೆ ಕೇಳಿದರು. ಒಪ್ಪಿಗೆ ಸಿಗಲಿಲ್ಲ. ಕೆಲಸ ಬಿಟ್ಟು ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟ್ ಬಳಿ ಸಣ್ಣ ಅಂಗಡಿ ತೆರೆದರು. ಅಲ್ಲಿ ತಮಗಾಗಿಯೇ ಮಾಡಿಕೊಂಡ ಯಂತ್ರ ಅವರ ಹೆಸರನ್ನು ಶಾಶ್ವತವಾಗಿಸಿತು. ಅದೇ ಥ್ರೆಡ್ ಕೊರೆಯುವ ಲೇತ್.

ಲೇತ್ ಕಂಡುಹಿಡಿದವರು ಮಾಡ್ಸ್ಲೆಯೇ?

ಸಾಮಾನ್ಯ ಜ್ಞಾನದ ಪಟ್ಟಿಗಳಲ್ಲಿ ಲೇತ್ ಕಂಡುಹಿಡಿದವರು ಹೆನ್ರಿ ಮಾಡ್ಸ್ಲೆ ಎಂಬ ಸಾಲು ಕಾಣಸಿಗುತ್ತದೆ. ಇದು ಸರಿಯಲ್ಲ. ಮರವನ್ನು ತಿರುಗಿಸಿ ಕೆತ್ತುವ ಲೇತ್ ಸಾವಿರಾರು ವರ್ಷ ಹಳೆಯದು. ಟೂಲನ್ನು ಗಟ್ಟಿಯಾಗಿ ಹಿಡಿದು ಜಾರಿಸುವ ವ್ಯವಸ್ಥೆಯನ್ನು 18ನೇ ಶತಮಾನದಲ್ಲೇ ಫ್ರಾನ್ಸಿನ ವೋಕನ್ಸನ್ ಬಳಸಿದ್ದರು. ಇಂಗ್ಲೆಂಡಿನ ಜೆಸ್ಸಿ ರಾಮ್ಸ್ಡನ್ 1770ರ ದಶಕದಲ್ಲೇ ಸ್ಕ್ರೂ ಕೊರೆಯುವ ಲೇತ್ ಮಾಡಿದ್ದರು.

ಹಾಗಾದರೆ ಮಾಡ್ಸ್ಲೆ ಮಾಡಿದ್ದೇನು? ಗಟ್ಟಿ ಲೋಹದ ಚೌಕಟ್ಟು, ಟೂಲನ್ನು ಹಿಡಿದು ಸಾಗುವ ಜಾರುಪೀಠ, ಅದನ್ನು ಸಾಗಿಸುವ ಉದ್ದನೆಯ ಲೀಡ್ ಸ್ಕ್ರೂ, ಪಿಚ್ ಬದಲಿಸಲು ಗೇರುಗಳು, ಇವೆಲ್ಲವನ್ನೂ 1797ರಿಂದ 1800ರ ಸುಮಾರಿಗೆ ದಿನನಿತ್ಯದ ಕಾರ್ಖಾನೆ ಕೆಲಸಕ್ಕೆ ಒಗ್ಗುವಂತೆ ಒಂದೇ ಯಂತ್ರದಲ್ಲಿ ಕೂಡಿಸಿದರು. ಅದುವರೆಗೆ ಒಂದು ಬೋಲ್ಟಿನ ನಟ್ಟು ಇನ್ನೊಂದು ಬೋಲ್ಟಿಗೆ ಹೊಂದುತ್ತದೆ ಎಂಬ ಖಾತ್ರಿ ಇರಲಿಲ್ಲ. ಯಂತ್ರ ಬಿಚ್ಚಿದರೆ ಯಾವ ನಟ್ಟು ಯಾವ ಬೋಲ್ಟಿನದು ಎಂದು ಗುರುತು ಹಾಕಿಡಬೇಕಿತ್ತು. ಮಾಡ್ಸ್ಲೆ ಅಂಗಡಿಯಲ್ಲಿ ಥ್ರೆಡ್‌ಗಳಿಗೆ ಒಂದೇ ಅಳತೆ ಬಂತು.

ಇಂದಿನ ಸಿಎನ್‌ಸಿಯಲ್ಲೂ ಅದೇ ಸಂಸಾರ. ತಿರುಗುವ ಸ್ಪಿಂಡಲ್, ಜಾರುವ ಪೀಠ, ಅದನ್ನು ತಳ್ಳುವ ಸ್ಕ್ರೂ. ಗೇರುಗಳ ಜಾಗಕ್ಕೆ ಕಂಪ್ಯೂಟರ್ ಮತ್ತು ಮೋಟರ್ ಬಂದಿವೆ. ಬೆಂಗಳೂರಿನಲ್ಲಿ 1953ರಲ್ಲಿ ಶುರುವಾದ ಎಚ್‌ಎಂಟಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಮಾಡಲು ತೊಡಗಿದ್ದೂ ಇದೇ ವಂಶದ ಲೇತ್‌ಗಳನ್ನು.

ಮೊದಲ ಒಳ್ಳೆಯ ಸ್ಕ್ರೂ ಬಂದದ್ದು ಎಲ್ಲಿಂದ?

ಲೇತಿನಲ್ಲಿ ಒಳ್ಳೆಯ ಸ್ಕ್ರೂ ಕೊರೆಯಲು ಅದರೊಳಗೆ ಮೊದಲೇ ಒಂದು ಒಳ್ಳೆಯ ಲೀಡ್ ಸ್ಕ್ರೂ ಇರಬೇಕು. ಆ ಮೊದಲನೆಯದು ಎಲ್ಲಿಂದ ಬರಬೇಕು? ನಾವು ಆರಂಭದಲ್ಲಿ ಕೇಳಿದ ಪ್ರಶ್ನೆಯೂ ಇದೇ.

ಮಾಡ್ಸ್ಲೆ ಒಂದು ಉಪಾಯ ಮಾಡಿದರು. ಮೆತ್ತನೆಯ ವಸ್ತುವಿನ ದುಂಡನೆಯ ದಂಡವನ್ನು ತಿರುಗಿಸುತ್ತ, ಅದರ ಮೇಲೆ ಒಂದು ಚೂಪಾದ ಅಲಗನ್ನು ಲೆಕ್ಕಹಾಕಿದ ಓರೆಯಲ್ಲಿ ಒತ್ತಿ ಹಿಡಿಯುವ ಸಾಧನ ರೂಪಿಸಿದರು. ಓರೆಯಿರುವುದರಿಂದ ಅಲಗು ತಾನಾಗಿಯೇ ದಂಡದ ಉದ್ದಕ್ಕೂ ಸಾಗಿ ಸುರುಳಿ ಗೆರೆ ಹಾಕುತ್ತದೆ. ಹೀಗೆ ಯಾವ ಸ್ಕ್ರೂವಿನ ಸಹಾಯವೂ ಇಲ್ಲದೆ ಸ್ಕ್ರೂ ಹುಟ್ಟಿತು. ಅದನ್ನು ಅಳೆದು, ತಿದ್ದಿ, ಅದರಿಂದ ಮತ್ತೊಂದು ಮಾಡಿ, ಅದನ್ನೂ ತಿದ್ದುತ್ತ ಹೋದರು.

ಖಗೋಳ ಉಪಕರಣಗಳ ಅಳತೆಗೆರೆ ಹಾಕಲು ಅವರು ಮಾಡಿದ ಒಂದು ಸ್ಕ್ರೂ 5 ಅಡಿ ಉದ್ದ, 2 ಇಂಚು ದಪ್ಪ ಇತ್ತು. ಪ್ರತಿ ಇಂಚಿಗೆ 50 ಸುತ್ತು. ಅದರ ನಟ್ಟು 12 ಇಂಚು ಉದ್ದ, ಅಂದರೆ ಒಮ್ಮೆಗೇ 600 ಸುತ್ತುಗಳನ್ನು ಹಿಡಿಯುತ್ತಿತ್ತು. ಇಷ್ಟುದ್ದದ ನಟ್ಟು ಏಕೆ? ಯಾವುದೋ ಒಂದು ಸುತ್ತಿನಲ್ಲಿ ಸಣ್ಣ ಏರುಪೇರಿದ್ದರೆ ಉಳಿದ 599 ಸುತ್ತುಗಳು ಅದನ್ನು ಅಡಗಿಸುತ್ತವೆ. ನೂರು ಜನ ಹಿಡಿದು ಎಳೆಯುವ ತೇರಿನ ಹಗ್ಗದಲ್ಲಿ ಒಬ್ಬ ಸ್ವಲ್ಪ ಜಗ್ಗಿದರೂ ತೇರು ತನ್ನ ಪಾಡಿಗೆ ಸಾಗುವಂತೆ.

ಆದರೆ ಈ ಉಪಾಯಕ್ಕೂ ಒಂದು ಮಿತಿಯಿದೆ. ಸ್ಕ್ರೂವಿನ ಉದ್ದಕ್ಕೂ ಪಿಚ್ ನಿಧಾನವಾಗಿ ಹೆಚ್ಚುತ್ತಲೋ ಕಡಿಮೆಯಾಗುತ್ತಲೋ ಹೋದರೆ ಉದ್ದನೆಯ ನಟ್ಟು ಅದನ್ನು ಸರಿಪಡಿಸಲಾರದು. ಅಂಥ ತಪ್ಪನ್ನು ಅಳೆದು ತಿದ್ದಲೇಬೇಕು. ಇಂದು ನಿಮ್ಮ ಸಿಎನ್‌ಸಿಯಲ್ಲಿ ಆ ತಿದ್ದುಪಡಿ ಸಾಫ್ಟ್‌ವೇರಿನಲ್ಲಿದೆ. 100 ಮಿ.ಮೀ. ಸಾಗು ಎಂದಾಗ ಯಂತ್ರ ನಿಜಕ್ಕೂ ಎಷ್ಟು ಸಾಗಿತು ಎಂದು ನಂಬಿಕಸ್ಥ ಅಳತೆಯಿಂದ ನೋಡಿ. ಪ್ರತಿ ಬಾರಿಯೂ 99.90 ಬಂದರೆ ತಪ್ಪು ಸಾವಿರಕ್ಕೆ ಒಂದು ಭಾಗ. ಅದನ್ನು ಸೆಟ್ಟಿಂಗಿನಲ್ಲಿ ತಿದ್ದಬಹುದು. ಒಮ್ಮೆ 99.90, ಇನ್ನೊಮ್ಮೆ 100.05 ಬಂದರೆ ಸೆಟ್ಟಿಂಗ್ ಮುಟ್ಟಬೇಡಿ. ಎಲ್ಲೋ ಬೋಲ್ಟ್ ಸಡಿಲವಾಗಿದೆ ಅಥವಾ ಸ್ಕ್ರೂವಿನಲ್ಲಿ ಪ್ಲೇ ಇದೆ. ಪ್ರತಿ ಸಲವೂ ಒಂದೇ ರೀತಿ ಬರುವ ತಪ್ಪನ್ನು ತಿದ್ದಬಹುದು. ಮನಬಂದಂತೆ ಬರುವ ತಪ್ಪಿನ ಮೂಲವನ್ನೇ ಹುಡುಕಬೇಕು.

ಅಂಗಡಿಯ ನ್ಯಾಯಾಧೀಶ

1805ರ ಸುಮಾರಿಗೆ ಮಾಡ್ಸ್ಲೆ ಮೇಜಿನ ಮೇಲೆ ಇಡುವ ಒಂದು ಮೈಕ್ರೋಮೀಟರ್ ಮಾಡಿಕೊಂಡರು. ಅದರ ಸ್ಕ್ರೂವಿಗೆ ಇಂಚಿಗೆ 100 ಸುತ್ತು, ತಿರುಗಿಸುವ ಚಕ್ರದ ಮೇಲೆ 100 ಗೆರೆ. ಒಂದು ಗೆರೆ ತಿರುಗಿಸಿದರೆ ಇಂಚಿನ ಹತ್ತು ಸಾವಿರದ ಒಂದು ಭಾಗ, ಅಂದರೆ ಸುಮಾರು 2.5 ಮೈಕ್ರಾನ್. ಅದಕ್ಕೆ ಲಾರ್ಡ್ ಚಾನ್ಸೆಲರ್ ಎಂದು ಹೆಸರಿಟ್ಟರು. ಅದು ಆಗಿನ ಇಂಗ್ಲೆಂಡಿನ ನ್ಯಾಯವ್ಯವಸ್ಥೆಯ ಅತ್ಯುನ್ನತ ಹುದ್ದೆಯ ಹೆಸರಾಗಿತ್ತು. ಅಳತೆಯ ಬಗ್ಗೆ ಇಬ್ಬರು ಕೆಲಸಗಾರರ ನಡುವೆ ತಕರಾರು ಬಂದರೆ ಜಾಬ್ ಆ ಮೇಜಿಗೆ ಹೋಗುತ್ತಿತ್ತು. ಅಲ್ಲಿ ಬಂದ ತೀರ್ಪೇ ಕೊನೆ. ಮಾಲೀಕನ ಮಾತಿಗೂ ಆ ಮೇಜಿನ ಮುಂದೆ ಹೆಚ್ಚಿನ ಬೆಲೆಯಿರಲಿಲ್ಲ.

ಪರದೆಯ ಮೇಲಿನ 0.01ರ ನಂಬಿಕೆ ಬೀಳುವುದು ಇಲ್ಲಿಯೇ. ಪರದೆ ತೋರಿಸುವುದು ಕಂಪ್ಯೂಟರ್ ಕೊಟ್ಟ ಆಜ್ಞೆಯನ್ನು. ಹೆಚ್ಚಿನ ಅಗ್ಗದ ಯಂತ್ರಗಳಲ್ಲಿ ಟೂಲ್ ನಿಜವಾಗಿ ಎಲ್ಲಿದೆ ಎಂದು ನೋಡಿ ಹೇಳುವ ಸಾಧನವೇ ಇರುವುದಿಲ್ಲ. ಬಸ್ಸಿನ ಬೋರ್ಡು ಊರಿನ ಹೆಸರು ತೋರಿಸಿದ ಮಾತ್ರಕ್ಕೆ ನಾವು ಆ ಊರು ತಲುಪಿದ ಹಾಗಾಗುವುದಿಲ್ಲ. ಆದ್ದರಿಂದ ಯಂತ್ರಕ್ಕೆ ಖರ್ಚು ಮಾಡುವ ಹಣದಲ್ಲಿ ಸ್ವಲ್ಪವನ್ನು ಒಳ್ಳೆಯ ಡಯಲ್ ಗೇಜ್, ಮ್ಯಾಗ್ನೆಟಿಕ್ ಸ್ಟ್ಯಾಂಡ್ ಮತ್ತು ಮೈಕ್ರೋಮೀಟರಿಗೆ ಎತ್ತಿಡಿ. ಅಳೆಯಲಾಗದ ತಪ್ಪನ್ನು ತಿದ್ದಲೂ ಆಗುವುದಿಲ್ಲ.

ಮೂರು ತಟ್ಟೆಗಳ ಗುಟ್ಟು

ಮಾಡ್ಸ್ಲೆ ತಮ್ಮ ಕೆಲಸಗಾರರ ಬಳಿ ಚಪ್ಪಟೆಯಾದ ಲೋಹದ ತಟ್ಟೆಗಳನ್ನು ಇರಿಸಿದ್ದರು. ಜಾಬನ್ನು ಆ ತಟ್ಟೆಯ ಮೇಲೆ ಉಜ್ಜಿ ನೋಡಿ, ಎಲ್ಲಿ ಉಬ್ಬಿದೆ ಎಂದು ತಿಳಿದು ತೆಗೆಯುತ್ತಿದ್ದರು. ಆದರೆ ಆ ತಟ್ಟೆಯೇ ಚಪ್ಪಟೆ ಎಂದು ಹೇಳುವವರು ಯಾರು?

ಎರಡು ತಟ್ಟೆಗಳನ್ನು ಒಂದಕ್ಕೊಂದು ಹೊಂದಿಸಿದರೆ ಸಾಲದು. ಒಂದು ಬಟ್ಟಲಿನಂತೆ ತಗ್ಗಾಗಿ, ಇನ್ನೊಂದು ಅದಕ್ಕೆ ತಕ್ಕಂತೆ ಉಬ್ಬಿದ್ದರೂ ಎರಡೂ ಚೆನ್ನಾಗಿ ಕೂರುತ್ತವೆ. ಮೂರನೆಯದು ಬಂದಾಗ ಈ ಮೋಸ ನಡೆಯುವುದಿಲ್ಲ. ಒಂದು ಎರಡಕ್ಕೆ, ಎರಡು ಮೂರಕ್ಕೆ, ಮೂರು ಒಂದಕ್ಕೆ, ಹೀಗೆ ಎಲ್ಲ ಜೋಡಿಗಳೂ ಹೊಂದಬೇಕಾದರೆ ಮೂರೂ ಚಪ್ಪಟೆಯಾಗಿರಲೇಬೇಕು. ಯಾವ ನಿಖರ ಯಂತ್ರವೂ ಇಲ್ಲದೆ, ಬರೀ ಹೋಲಿಸಿ ತಿದ್ದುವುದರಿಂದಲೇ ನಿಖರತೆ ಹುಟ್ಟುವುದು ಹೀಗೆ. ಮಾಡ್ಸ್ಲೆ ಬಳಿ ಕೆಲಸ ಮಾಡಿದ್ದ ಜೋಸೆಫ್ ವಿಟ್‌ವರ್ತ್ ಈ ವಿಧಾನವನ್ನು 1840ರಲ್ಲಿ ಗ್ಲಾಸ್ಗೋದ ವಿಜ್ಞಾನ ಸಭೆಯಲ್ಲಿ ವಿವರಿಸಿದ ಮೇಲೆ ಅದು ಜಗತ್ತಿಗೆ ಪರಿಚಯವಾಯಿತು.

ಯಂತ್ರ ತನಗಿಂತ ನಿಖರವಾದದ್ದನ್ನು ಮಾಡಲಾರದು ಎಂಬ ನಂಬಿಕೆ ಅರ್ಧ ಮಾತ್ರ ಸತ್ಯ ಎನ್ನುವುದು ಇದೇ ಕಾರಣಕ್ಕೆ. ಯಂತ್ರವನ್ನು ಅದರ ಪಾಡಿಗೆ ಬಿಟ್ಟರೆ ಅದು ತನ್ನ ತಪ್ಪನ್ನೇ ಜಾಬಿನ ಮೇಲೆ ನಕಲು ಮಾಡುತ್ತದೆ. ಆದರೆ ತಪ್ಪನ್ನು ಹುಡುಕಿ ತಿದ್ದುವ ಮನುಷ್ಯ ನಡುವೆ ಬಂದರೆ ಸರಪಳಿ ಮೇಲಕ್ಕೇರುತ್ತದೆ.

ಹೀಗೆ ತಾನೇ ತನ್ನನ್ನು ಒರೆಗೆ ಹಚ್ಚಿಕೊಳ್ಳುವ ಪರೀಕ್ಷೆಗಳು ನಮ್ಮ ಬಡಗಿಗಳಿಗೆ ಹೊಸತಲ್ಲ. ಬಾಗಿಲ ಚೌಕಟ್ಟಿನ ಎರಡು ಕರ್ಣಗಳನ್ನು ಟೇಪಿನಿಂದ ಅಳೆದು, ಎರಡೂ ಸಮವಾದರೆ ಮೂಲೆ ಸರಿಯಿದೆ ಎನ್ನುತ್ತಾರೆ. ಆ ಟೇಪಿನ ಅಳತೆಯೇ ಸ್ವಲ್ಪ ತಪ್ಪಿದ್ದರೂ ಹೋಲಿಕೆ ಸುಳ್ಳಾಗುವುದಿಲ್ಲ. ಸಿಎನ್‌ಸಿಯಲ್ಲಿ ಒಂದು ದೊಡ್ಡ ಆಯತ ಕತ್ತರಿಸಿ ಕರ್ಣಗಳನ್ನು ಅಳೆದರೆ ಗ್ಯಾಂಟ್ರಿ ಮೂಲೆಗೆ ಸರಿಯಾಗಿದೆಯೇ ಎಂದು ಗೊತ್ತಾಗುತ್ತದೆ.

ಸ್ಪಿಂಡಲ್ ಹಾಸಿಗೆ ಲಂಬವಾಗಿದೆಯೇ ಎಂದು ನೋಡುವುದೂ ಹೀಗೆಯೇ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ನಮ್ಮಲ್ಲಿದೆ. ಸ್ಪಿಂಡಲಿನ ವಿಷಯದಲ್ಲಿ ಮಾತ್ರ ನೆಲ ನಿಜಕ್ಕೂ ಡೊಂಕಾಗಿರಬಹುದು, ಪರೀಕ್ಷಿಸಲೇಬೇಕು. ಸ್ಪಿಂಡಲಿಗೆ ಒಂದು ಕಡ್ಡಿ ಕಟ್ಟಿ, ಅದರ ತುದಿಗೆ ಡಯಲ್ ಗೇಜ್ ಜೋಡಿಸಿ. ಕೆಳಗೆ ದಪ್ಪನೆಯ ಚಪ್ಪಟೆ ಗಾಜು ಇಟ್ಟು, ಕೈಯಿಂದ ಪೂರ್ತಿ ಒಂದು ಸುತ್ತು ತಿರುಗಿಸಿ. ಒಂದೇ ಮುಳ್ಳು ನಾಲ್ಕೂ ದಿಕ್ಕನ್ನು ಮುಟ್ಟುವುದರಿಂದ ವ್ಯತ್ಯಾಸವೆಲ್ಲ ಓರೆಯದ್ದೇ. 200 ಮಿ.ಮೀ. ಅಗಲದ ಸುತ್ತಿನಲ್ಲಿ ಎರಡು ಬದಿಗೆ 0.1 ಮಿ.ಮೀ. ವ್ಯತ್ಯಾಸ ಬಂದರೆ, 25 ಮಿ.ಮೀ. ಟೂಲ್ ಪ್ರತಿ ಸಾಲಿನ ಅಂಚಿನಲ್ಲಿ ಸುಮಾರು 0.0125 ಮಿ.ಮೀ. ಮೆಟ್ಟಿಲು ಬಿಡುತ್ತದೆ. ಕೈಯಾಡಿಸಿದರೆ ಉಗುರಿಗೆ ತಾಗುವ ಆ ಗೆರೆಗಳು ಬರುವುದು ಇಲ್ಲಿಂದ. ಸ್ಪಿಂಡಲ್ ಹಿಡಿಕೆಯ ಹಿಂದೆ ತೆಳುವಾದ ಶಿಮ್ ಕೊಟ್ಟು, ಮತ್ತೆ ಅಳೆದು, ಮತ್ತೆ ತಿದ್ದಬೇಕು. ಲಂಬ ಸರಿಯಾದ ಮೇಲೆಯೇ ಮರದ ಹಾಸನ್ನು ಅದೇ ಯಂತ್ರದಿಂದ ಒಂದು ಪದರ ಸವರಿ ಸಮ ಮಾಡಿಕೊಳ್ಳಬೇಕು. ಕ್ರಮ ತಿರುಗುಮುರುಗಾದರೆ ಓರೆಯೇ ಹಾಸಿನ ಮೇಲೂ ಅಚ್ಚಾಗುತ್ತದೆ.

ಹಡಗಿನ ರಾಟೆಗಳು ಮತ್ತು ಒಂದು ಕಹಿ ಲೆಕ್ಕ

ಮಾಡ್ಸ್ಲೆ ಅವರ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು ಪೋರ್ಟ್ಸ್‌ಮತ್ ಹಡಗುಕಟ್ಟೆಯ ಕೆಲಸದಿಂದ. ಹಾಯಿಹಡಗಿನ ಹಗ್ಗಗಳಿಗೆ ಮರದ ರಾಟೆಗಳು ಬೇಕು. ಬ್ರಿಟಿಷ್ ನೌಕಾಪಡೆಗೆ ವರ್ಷಕ್ಕೆ ಸುಮಾರು ಒಂದು ಲಕ್ಷ ರಾಟೆ ಬೇಕಾಗುತ್ತಿದ್ದವು. ಅವನ್ನು ಮಾಡುವ ಯಂತ್ರಗಳ ಸರಣಿಯನ್ನು ಮಾರ್ಕ್ ಇಸಂಬಾರ್ಡ್ ಬ್ರುನೆಲ್ ಕಲ್ಪಿಸಿದರು, ಸುಮಾರು 45 ಯಂತ್ರಗಳನ್ನು ಮಾಡ್ಸ್ಲೆ ನಿರ್ಮಿಸಿದರು. 1808ರ ವೇಳೆಗೆ ವರ್ಷಕ್ಕೆ 1,30,000 ರಾಟೆಗಳು ಬರತೊಡಗಿದವು.

ಮೊದಲು 110 ಕುಶಲ ಕೆಲಸಗಾರರು ಮಾಡುತ್ತಿದ್ದದ್ದನ್ನು ಹೆಚ್ಚಿನ ತರಬೇತಿಯಿಲ್ಲದ 10 ಜನ ಮಾಡುವಂತಾಯಿತು. ಈ ಅಂಕಿಯನ್ನು ಸಾಧನೆಯ ಪಟ್ಟಿಯಲ್ಲಷ್ಟೇ ಹೇಳಿ ಮುಗಿಸುವುದು ನ್ಯಾಯವಲ್ಲ. ಉಳಿದ 100 ಜನರ ಕೈಕಸುಬಿಗೆ ಅಲ್ಲಿ ಜಾಗ ಇಲ್ಲವಾಯಿತು. ಹಳೆಯ ಕಸುಬಿನವರಿಗೆ ಸಿಎನ್‌ಸಿ ಕಂಡರೆ ಇರುವ ಅಳುಕು ಇವತ್ತಿನದಲ್ಲ. ಆದರೆ ಇದೇ ಕಥೆಯ ಇನ್ನೊಂದು ಮುಖವೂ ಇದೆ. ಯಂತ್ರ ನಡೆಸಲು ಕೌಶಲ ಕಡಿಮೆ ಸಾಕಾದರೂ ಯಂತ್ರವನ್ನು ಸರಿಯಾಗಿ ನಿಲ್ಲಿಸಿ, ಅಳೆದು, ತಿದ್ದಿ ಇಡುವ ಕೈಗೆ ಬೆಲೆ ಹೆಚ್ಚಿತು. ಬಟನ್ ಒತ್ತುವುದನ್ನು ಯಾರಾದರೂ ಕಲಿಯಬಹುದು. ಸ್ಪಿಂಡಲ್ ಏಕೆ ಗೆರೆ ಬಿಡುತ್ತಿದೆ ಎಂದು ಹೇಳಬಲ್ಲವರು ಇಂದಿಗೂ ಕಡಿಮೆ.

ತಿದ್ದಲಾಗದ್ದು ಯಾವುದು?

ಎಲ್ಲವನ್ನೂ ತಾಳ್ಮೆಯಿಂದ ಗೆಲ್ಲಬಹುದು ಎಂದರೆ ಅದೂ ಮತ್ತೊಂದು ಸುಳ್ಳಾಗುತ್ತದೆ. ಸ್ಪಿಂಡಲನ್ನು ಮೇಲೆ ಕೆಳಗೆ ಕೈಯಿಂದ ತಳ್ಳಿದಾಗ ಗೇಜಿನ ಮುಳ್ಳು ಅಲ್ಲಾಡಿದರೆ, ಅಥವಾ ಕಾಲೆಟ್ ತೆಗೆದ ಒಳಮೈಯೇ ಔಟ್ ಹೊಡೆಯುತ್ತಿದ್ದರೆ, ಬೇರಿಂಗ್ ಅಥವಾ ಶಾಫ್ಟಿನಲ್ಲೇ ದೋಷವಿದೆ. ಯಾವ ಸಾಫ್ಟ್‌ವೇರೂ ಅದಕ್ಕೆ ಮದ್ದಲ್ಲ. ತೆಳುವಾದ ಚೌಕಟ್ಟಿನ ಯಂತ್ರ ಉಕ್ಕು ಕತ್ತರಿಸುವಾಗ ಬಾಗುವುದನ್ನೂ ಸೆಟ್ಟಿಂಗಿನಿಂದ ತಡೆಯಲಾಗದು. ಮರ, ಪ್ಲಾಸ್ಟಿಕ್, ತೆಳು ಕಟ್ಟಿನ ಅಲ್ಯೂಮಿನಿಯಂ ಕೆಲಸಕ್ಕೆ ಒಗ್ಗುವ ಯಂತ್ರದಿಂದ ಅಷ್ಟನ್ನೇ ನಿರೀಕ್ಷಿಸಬೇಕು.

ಬಿಸಿಯ ವಿಷಯವನ್ನೂ ಮರೆಯಬಾರದು. 100 ಮಿ.ಮೀ. ಉದ್ದದ ಉಕ್ಕು 10 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 0.012 ಮಿ.ಮೀ. ಹಿಗ್ಗುತ್ತದೆ. ಅಲ್ಯೂಮಿನಿಯಂ ಸುಮಾರು ಅದರ ಎರಡರಷ್ಟು. ಬೆಳಗ್ಗೆ ತಣ್ಣಗಿನ ಸ್ಪಿಂಡಲಿನಲ್ಲಿ ಟೂಲಿನ ಎತ್ತರ ಹೊಂದಿಸಿದರೆ ಅರ್ಧ ಗಂಟೆಯಲ್ಲಿ ಆ ಅಳತೆ ಸರಿದಿರುತ್ತದೆ. ಮೊದಲು ಕಡಿಮೆ ವೇಗದಲ್ಲಿ, ಬಳಿಕ ಹಂತಹಂತವಾಗಿ ವೇಗ ಹೆಚ್ಚಿಸಿ 10ರಿಂದ 15 ನಿಮಿಷ ಓಡಿಸಿ, ಆಮೇಲೆ ಅಳತೆ ಹಿಡಿಯುವುದು ಒಳ್ಳೆಯದು.

ವಿದ್ಯುತ್ತಿನ ಬಗ್ಗೆ ಒಂದು ಎಚ್ಚರಿಕೆ. 24,000 ಸುತ್ತಿನ ಸ್ಪಿಂಡಲ್‌ಗಳು ಸಾಮಾನ್ಯವಾಗಿ 400 ಹರ್ಟ್ಸ್‌ನಲ್ಲಿ ಓಡುತ್ತವೆ. ಅದನ್ನು ನಡೆಸುವ ಡ್ರೈವ್ 50 ಹರ್ಟ್ಸ್ ಮೋಟರಿನ ಸೆಟ್ಟಿಂಗಿನಲ್ಲೇ ಉಳಿದಿದ್ದರೆ ಕಡಿಮೆ ವೇಗದಲ್ಲಿ ಹೆಚ್ಚು ಕರೆಂಟ್ ಹರಿದು ವೈಂಡಿಂಗ್ ಸುಡಬಹುದು. ಸ್ಪಿಂಡಲಿನ ಮೇಲಿನ ಫಲಕ ನೋಡಿ ಹೊಂದಿಸಿ, ಮೈಗೆ ಅರ್ತ್ ಸಂಪರ್ಕ ನಿಜಕ್ಕೂ ಇದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸಿ. ನಿಖರತೆಗಿಂತ ಜೀವ ದೊಡ್ಡದು.

ಕೊನೆಯ ವರ್ಷಗಳು, ಉಳಿದ ಗುರುತು

1810ರಲ್ಲಿ ಮಾಡ್ಸ್ಲೆ ತಮ್ಮ ಕಾರ್ಖಾನೆಯನ್ನು ಲಂಡನ್ನಿನ ಲ್ಯಾಂಬೆತ್‌ಗೆ ಸ್ಥಳಾಂತರಿಸಿದರು. ಅಲ್ಲಿ ಹಡಗಿನ ಉಗಿ ಎಂಜಿನ್‌ಗಳು ತಯಾರಾದವು. ಥೇಮ್ಸ್ ನದಿಯ ಅಡಿಯಲ್ಲಿ ಸುರಂಗ ಕೊರೆಯಲು ಬ್ರುನೆಲ್ ಬಳಸಿದ ಕವಚವೂ ಅಲ್ಲಿಯದೇ. 1829ರಲ್ಲಿ ಜೇಮ್ಸ್ ನಾಸ್ಮಿತ್ ಎಂಬ ಯುವಕ ಕೈಯಾರೆ ಮಾಡಿದ ಪುಟ್ಟ ಉಗಿ ಎಂಜಿನ್ ಹಿಡಿದು ಕೆಲಸ ಕೇಳಿ ಬಂದ. ಹಣ ಕೊಟ್ಟು ಸೇರುವ ಶಿಷ್ಯರನ್ನು ತೆಗೆದುಕೊಳ್ಳುವುದನ್ನು ಮಾಡ್ಸ್ಲೆ ಆಗಲೇ ನಿಲ್ಲಿಸಿದ್ದರು. ಆದರೆ ಆ ಎಂಜಿನ್ ನೋಡಿದ ಮೇಲೆ ಅವನನ್ನು ತಮ್ಮ ಖಾಸಗಿ ಕೆಲಸದ ಕೋಣೆಯಲ್ಲೇ ಸಹಾಯಕನಾಗಿ ಇಟ್ಟುಕೊಂಡರು. ಸವೆದ ವೈಸ್ ಸರಿಮಾಡಿ ಕೆಲಸ ಪಡೆದವರಿಗೆ ಕೈಕೆಲಸದ ಬೆಲೆ ಗೊತ್ತಿತ್ತು. ನಾಸ್ಮಿತ್ ಮುಂದೆ ಉಗಿ ಸುತ್ತಿಗೆಯಿಂದ ಹೆಸರಾದರು.

ಫ್ರಾನ್ಸಿನಲ್ಲಿದ್ದ ಸ್ನೇಹಿತರನ್ನು ನೋಡಿಕೊಂಡು ಹಿಂದಿರುಗುವಾಗ ಶೀತ ತಗುಲಿ, 1831ರ ಫೆಬ್ರುವರಿ 14ರಂದು ಮಾಡ್ಸ್ಲೆ ನಿಧನರಾದರು. ಹುಟ್ಟಿದ ವೂಲಿಚ್‌ನಲ್ಲೇ ಅವರ ಸಮಾಧಿಯಾಯಿತು. ಅದರ ಮೇಲಿನ ಎರಕದ ಕಬ್ಬಿಣದ ಸ್ಮಾರಕದ ವಿನ್ಯಾಸ ಅವರದೇ.

ಶಿಷ್ಯ ವಿಟ್‌ವರ್ತ್ 1841ರಲ್ಲಿ ಇಡೀ ದೇಶಕ್ಕೆ ಒಂದೇ ಥ್ರೆಡ್ ಅಳತೆ ಇರಬೇಕೆಂದು ಪ್ರಸ್ತಾಪಿಸಿದರು. ಆ ಥ್ರೆಡ್ಡಿನ ಕೋನ 55 ಡಿಗ್ರಿ. ನಮ್ಮ ಮನೆಗಳ ನಲ್ಲಿ, ನೀರಿನ ಪೈಪುಗಳ ಥ್ರೆಡ್ಡಿನಲ್ಲಿ ಇಂದಿಗೂ ಅದೇ 55 ಡಿಗ್ರಿಯಿದೆ. ಹಳೆಯ ನಲ್ಲಿ ಬಿಚ್ಚಿ ಬೇರೆ ಕಂಪನಿಯ ಹೊಸ ನಲ್ಲಿ ಹಾಕಿದಾಗ ಅದು ಹೊಂದುವುದು ಇಂಥ ಒಂದೇ ಅಳತೆಯ ಒಪ್ಪಂದದಿಂದ.

ನಮ್ಮ ತೀರ್ಮಾನ

ಅಗ್ಗದ ಯಂತ್ರದಿಂದ ನಿಖರ ಕೆಲಸ ಆಗುವುದೇ ಇಲ್ಲ ಎಂಬುದು ಪೂರ್ತಿ ನಿಜವಲ್ಲ. ಬೇರಿಂಗ್, ಶಾಫ್ಟ್ ಮತ್ತು ಚೌಕಟ್ಟು ಗಟ್ಟಿಯಿದ್ದರೆ ಉಳಿದ ಬಹಳಷ್ಟು ತಪ್ಪುಗಳನ್ನು ಅಳೆದು ತಿದ್ದಬಹುದು. ಪರದೆಯ ಅಂಕಿಯೇ ನಿಖರತೆ ಎಂಬುದು ಸುಳ್ಳು. ಲೇತ್ ಕಂಡುಹಿಡಿದವರು ಮಾಡ್ಸ್ಲೆ ಎಂಬುದೂ ತಪ್ಪು. ಅವರು ಅದನ್ನು ನಂಬಬಹುದಾದ ಯಂತ್ರವಾಗಿಸಿದರು.

ಯಂತ್ರ ಮಾರಿಬಿಡಬೇಕೆಂದು ಯೋಚಿಸುತ್ತಿರುವ ಗೆಳೆಯರು ನಿಮ್ಮ ಪರಿಚಯದಲ್ಲಿದ್ದರೆ ಈ ಬರಹವನ್ನು ಅವರಿಗೆ ಕಳುಹಿಸಿ. ಮಾರುವ ಮೊದಲು ಕಾಲೆಟ್ ಬಿಚ್ಚಿ ಒರೆಸಿ, ಒಂದು ಪಿನ್ ಹಿಡಿಸಿ, ಡಯಲ್ ಗೇಜ್ ಇಟ್ಟು ನೋಡಲಿ.